ಶಾರ್ಟ್‌ಫಾಲ್‌ಗೆ ಸನ್ನೆ ಯಾವುದು?

ನಮ್ಮೂರಿನಲ್ಲಿ ಕಿವಿ ಕೇಳದ ಮಕ್ಕಳ ಶಾಲೆ ಒಂದಿದೆ. ಸಣ್ಣದು… ಒಂದು ಹಾಸ್ಟೆಲ್, ಒಂದು ಹಳೇ ವ್ಯಾನ್, ಅಷ್ಟೇ.

ಹೋದ ವರ್ಷ ಅಲ್ಲಿ ಪೋಷಕರ ಸಭೆ. ನನ್ನ ತಂಗಿಯ ಮಗಳು ಅಲ್ಲೇ ಓದುವುದರಿಂದ ನಾನೂ ಹೋಗಿದ್ದೆ.

ಅಪ್ಪ-ಅಮ್ಮಂದಿರಲ್ಲೂ ಎಷ್ಟೋ ಜನಕ್ಕೆ ಕಿವಿ ಕೇಳುವುದಿಲ್ಲ. ಹಾಗಾಗಿ ಯಾರು ಮಾತಾಡಿದರೂ ಪಕ್ಕದಲ್ಲಿ ಪ್ರಮೀಳಾ ಮಿಸ್ ನಿಂತು ಎಲ್ಲವನ್ನೂ ಕೈಸನ್ನೆಯಲ್ಲಿ ಹೇಳುತ್ತಾರೆ.

ಕಾರ್ಯದರ್ಶಿ ವಿರೂಪಾಕ್ಷಯ್ಯನವರು ಎದ್ದರು. ಬಂಗಾರದಂಥ ಮನುಷ್ಯ… ಆದರೆ ಕಷ್ಟದ ವಿಷಯ ಬಂದರೆ ಸಾಕು, ಇಂಗ್ಲಿಷ್ ಶುರು.

"ನೆಕ್ಸ್ಟ್ ಇಯರ್ ಒಂದು ಪ್ರಾಜೆಕ್ಟೆಡ್ ಶಾರ್ಟ್‌ಫಾಲ್ ಇದೆ… ಸ್ವಲ್ಪ ಫಂಡಿಂಗ್ ಗ್ಯಾಪ್… ಬಟ್ ವಿ ಆರ್ ಹೋಪ್‌ಫುಲ್."

ಇಂಗ್ಲಿಷಿನವರ ಬಜೆಟ್ಟಿನಲ್ಲಿ ದುಡ್ಡು ಖಾಲಿಯಾಗುವುದೇ ಇಲ್ಲ ನೋಡಿ… ಗ್ಯಾಪ್ ಬರುತ್ತದೆ, ಶಾರ್ಟ್‌ಫಾಲ್ ಬರುತ್ತದೆ. ಕೇಳಿದವರು ತಲೆಯಾಡಿಸಿ, ಟೀ ಕುಡಿದು ಮನೆಗೆ ಹೋಗುತ್ತಾರೆ.

ನಾನೂ ತಲೆಯಾಡಿಸಿದೆ. ಆದರೆ ಮಿಸ್ ಕೈ ಗಾಳಿಯಲ್ಲೇ ನಿಂತುಬಿಟ್ಟಿತು…

"ಸರ್, ಇದನ್ನ ಏನಂತ ತೋರಿಸ್ಲಿ?"

"ಅದೇ ಮಿಸ್… ಶಾರ್ಟ್‌ಫಾಲ್."

"ಒಂದೊಂದೇ ಅಕ್ಷರ ತೋರಿಸ್ಬಹುದು ಸರ್, ಅರ್ಥ ಆಗಲ್ಲ. ಏನಾಗುತ್ತೆ ಅಂತ ಹೇಳಿ."

ವಿರೂಪಾಕ್ಷಯ್ಯನವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು…

"ದುಡ್ಡಿಲ್ಲ ಮಿಸ್. ಬರೋ ಜೂನ್‌ಗೆ ಹಾಸ್ಟೆಲ್ ಮುಚ್ಚಬೇಕಾಗುತ್ತೆ. ದೂರದ ಮಕ್ಕಳನ್ನ ಮನೆಗೆ ಕಳಿಸ್ಬೇಕು… ಬಾಯಿ ಬಿಟ್ರೆ ಬಣ್ಣಗೇಡು ಅಂತ ಸುಮ್ನಿದ್ದೆ."

ಮಿಸ್ ಕೈಗಳು ಅದನ್ನು ಹಾಗೆಯೇ ಹೇಳಿದವು. ದುಡ್ಡು, ಇಲ್ಲ. ಹಾಸ್ಟೆಲ್ ಒಲೆ, ಆರುತ್ತದೆ. ಮಕ್ಕಳು, ವಾಪಸ್.

ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಪಕ್ಕದಲ್ಲಿ ಇನ್ನೊಂದು… ನೋಡನೋಡುತ್ತ ಅರ್ಧ ಹಾಲ್ ಎದ್ದು ನಿಂತು ಕೈಬೀಸಿ ಏನೇನೋ ಹೇಳತೊಡಗಿತು.

ವಿರೂಪಾಕ್ಷಯ್ಯನವರು ಕೈ ಮುಗಿದರು. "ಬೈಯ್ಲಿ ಬಿಡಿ ಮಿಸ್. ತಪ್ಪು ನಂದೇ."

"ಬೈತಿಲ್ಲ ಸರ್…" ಮಿಸ್ ಕಣ್ಣು ತುಂಬಿತ್ತು. "ಟೈಲರ್ ನಾಗಭೂಷಣ ಯೂನಿಫಾರಂ ಹೊಲಿಯೋಕೆ ಕೂಲಿ ಬೇಡ ಅಂತಿದಾರೆ. ಈ ತಾಯಂದಿರು ಸರದಿ ಮೇಲೆ ಬಂದು ಅಡುಗೆ ಮಾಡ್ತಾರಂತೆ. ಕೊಬ್ಬರಿ ಮಂಡಿಯವರು ವರ್ಷದ ಅಕ್ಕಿ ಖರ್ಚು ನಮ್ದು ಅಂತಿದಾರೆ. ಎಲ್ರೂ ಕೇಳ್ತಿರೋದು ಒಂದೇ ಸರ್… ಇಷ್ಟು ದಿನ ನಮಗ್ಯಾಕೆ ಹೇಳ್ಲಿಲ್ಲ?"

ವಿರೂಪಾಕ್ಷಯ್ಯನವರು ಮೇಜು ಹಿಡಿದುಕೊಂಡು ಕೂತವರು ಮಗುವಿನ ಹಾಗೆ ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ.

ಆಗ ಹಾಲಿನ ಕೈಗಳೆಲ್ಲ ಒಟ್ಟಿಗೆ ಮೇಲೆದ್ದು ಅಲ್ಲಾಡಿದವು. ಅದೇ ಅವರ ಚಪ್ಪಾಳೆ… ಒಂದಿಷ್ಟೂ ಸದ್ದಿಲ್ಲ.

ವ್ಯಾನ್ ಮಾರಬೇಕಾಯಿತು, ನಿಜ. ಆದರೆ ಈ ಜೂನ್‌ನಲ್ಲಿ ಹಾಸ್ಟೆಲ್ ಒಲೆ ಹೊತ್ತಿತು. ಒಂದು ಮಗುವೂ ವಾಪಸ್ ಹೋಗಲಿಲ್ಲ.

*ಕೊರತೆಯನ್ನು ದೊಡ್ಡ ಮಾತಿನಲ್ಲಿ ಮುಚ್ಚಿಟ್ಟರೆ, ಕೊಡುವ ಕೈಗೂ ಅದು ಕಾಣುವುದಿಲ್ಲ.*

ನೀವು ನಿಮ್ಮವರ ಹತ್ತಿರ ಇನ್ನೂ "ಸ್ವಲ್ಪ ಟೈಟ್ ಇದೆ, ಅಷ್ಟೇ" ಅಂತಲೇ ಹೇಳುತ್ತಿದ್ದೀರಾ…?