ಕುಂಕುಮ ಇಟ್ಟ ಸೀಟು

ಮಕ್ಕಳ ಕಾರ್ ಸೀಟು ತಯಾರಿಸುವ ಆ ಕಾರ್ಖಾನೆಯಲ್ಲಿ, ಪ್ಯಾಕ್ ಆಗುವ ಮೊದಲು ಪ್ರತಿ ಸೀಟಿಗೂ ಮಾಲೀಕರ ಹೆಂಡತಿ ತಾವೇ ಕುಂಕುಮ ಇಟ್ಟು, ಒಂದು ಹೂ ಸಿಕ್ಕಿಸುತ್ತಿದ್ದರು. ಹೊಸದಾಗಿ ಬಂದ ಮ್ಯಾನೇಜರಿಗೆ ಅದು ಹಿಡಿಸಲಿಲ್ಲ.

"ಅಮ್ಮಾ, ಬಟ್ಟೆ ಮೇಲೆ ಕಲೆ ಇದೆ ಅಂತ ಗಿರಾಕಿಗಳು ಕಂಪ್ಲೇಂಟ್ ಮಾಡ್ತಾರೆ. ಪೂಜೆ ಬೇಕಾದೋರು ಆಮೇಲೆ ಅವರೇ ಮಾಡಿಸ್ಕೊಳ್ಳಲಿ ಬಿಡಿ."

"ಆಮೇಲೆ ಅಂತ ಕಾಯಬಾರದು ಅಂತಲೇ ಕಣಪ್ಪ, ನಾನು ಇಲ್ಲೇ ಮಾಡಿ ಕಳಿಸೋದು."

ಅವನಿಗೆ ಅರ್ಥವಾಗಲಿಲ್ಲ. ಮಾತು ಬದಲಿಸಲು, ಗಾಜಿನ ಕಪಾಟಿನಲ್ಲಿದ್ದ ಕಂಪನಿಯ ಮೊಟ್ಟಮೊದಲ ಸೀಟಿನ ಕಡೆ ಕೈ ತೋರಿಸಿದ.

"ಇದನ್ನ ಸಾಹೇಬ್ರು ನಿಮ್ಮ ಮಗಳಿಗೋಸ್ಕರ ಕೈಯಾರೆ ಮಾಡಿದ್ದಂತೆ. ಅಪಘಾತದಲ್ಲಿ ಕಾರು ನುಜ್ಜುಗುಜ್ಜಾದ್ರೂ ಇದಕ್ಕೆ ಒಂದು ಗೀರೂ ಬಿದ್ದಿಲ್ಲ ನೋಡಿ! ನಿಮ್ಮ ಮಗಳು ಈಗ ಏನು ಮಾಡ್ತಿದ್ದಾರಮ್ಮ?"

ಅವರು ಕುಂಕುಮದ ಬಟ್ಟಲು ಕೆಳಗಿಟ್ಟರು.

"ಆ ಸೀಟಿಗೆ ಪೂಜೆ ಮಾಡಿಸೋಕೆ ಅಂತಲೇ ಅವತ್ತು ದೇವಸ್ಥಾನಕ್ಕೆ ಹೊರಟಿದ್ವಿ. ಪೂಜೆ ಆಗದೆ ಮಗೂನ ಕೂರಿಸಬಾರದು ಅಂತ ಅದನ್ನ ಡಿಕ್ಕಿಯಲ್ಲಿ ಇಟ್ಟಿದ್ದೆ. ಮಗು ನನ್ನ ತೊಡೆ ಮೇಲಿತ್ತು."