ಪಟ್ಟಿ ಎಳೆಯುವ ಕಡೆ

ಸಾಣೆ ಹಿಡಿಯುವ ಮಷಿನ್ ಶುರುವಾದ ಕೂಡಲೇ ಜನಾಬಾಯಿ ಹೋಗಿ ಅದರ ಹಿಂದುಗಡೆ ನಿಂತಳು.

"ಅಲ್ಲಿ ಯಾಕ ನಿಂತ್ರಿ ಅಕ್ಕಾ?" ಬೀದರಿನ ಗಂಜ್ ಮಾರುಕಟ್ಟೆಯಲ್ಲಿ ಮಷಿನ್ ಅಂಗಡಿ ಇಟ್ಟಿರುವ ಜಹೀರೋದ್ದೀನ ಸ್ವಿಚ್ಚಿನ ಮೇಲಿನ ಕೈ ತೆಗೆಯದೆ ಕೇಳಿದ. "ಆ ಕಡಿ ಬರೇ ಮೋಟರ್ ಅದರಿ. ಚಾಕು ಹಿಡಿಯೋರು ಈ ಕಡಿ ನಿಂದರಬೇಕು."

ಅವಳು ಸೆರಗು ಸಿಕ್ಕಿಸಿಕೊಂಡು ಸುತ್ತಿ ಬಂದಳು. ನಾಚಿಕೆಯಾಯಿತು. ಭಾತಂಬ್ರಾದ ಕುಲುಮೆಗೆ ಸೊಸೆಯಾಗಿ ಬಂದಾಗಿನಿಂದ ಅವಳ ಜಾಗ ಆ ಕಡೆಯೇ. ಸಾಣೆಗಾಲಿಯ ಅಚ್ಚಿಗೆ ಸುತ್ತಿದ ತೊಗಲಿನ ಪಟ್ಟಿಯ ಎರಡೂ ತುದಿ ಹಿಡಿದು, ಒಮ್ಮೆ ಬಲಗೈ ಒಮ್ಮೆ ಎಡಗೈ ಎಳೆಯುತ್ತ ಗಾಲಿ ತಿರುಗಿಸುವುದು ಹೆಂಡತಿಯ ಕೆಲಸ. ಎದುರಿಗೆ ಕೂತು ಅಲಗು ಹಿಡಿಯುವುದು ಗಂಡನದು. ಹೆಣ್ಣು ಅಲಗು ಹಿಡಿದರೆ ಧಾರೆ ನಿಲ್ಲುವುದಿಲ್ಲ ಎಂದು ಅತ್ತೆ ಹೇಳುತ್ತಿದ್ದಳು.

ಗಂಡ ಹಣಮಂತ ತೀರಿಕೊಂಡ ಮೇಲೂ ಜನಾಬಾಯಿ ಕುಲುಮೆ ಆರಲು ಬಿಟ್ಟಿರಲಿಲ್ಲ. ಸುತ್ತಿಗೆ ಅವಳ ಕೈಗೆ ಹಳೆಯದೇ. ಚಾಕುಗಳನ್ನು ಬಡಿದಳು, ಕಾಸಿ ನೀರಿಗದ್ದಿ ಗಟ್ಟಿ ಮಾಡಿದಳು. ಧಾರೆ ಇಡುವುದಕ್ಕೆ ಮಾತ್ರ ಇಬ್ಬರು ಬೇಕು. ಮೊಂಡು ಚಾಕುಗಳು ಮೂಲೆಯಲ್ಲಿ ಬಿದ್ದಿದ್ದವು. ಅವಳಿಂದ ಆಗದಿದ್ದರೆ ಕಬ್ಬಿಣ ಬಡಿಯುವ ಬಡಿಗಲ್ಲನ್ನು ತಾನು ಒಯ್ಯುವುದಾಗಿ ಮೈದುನ ಆಗಲೇ ಹೇಳಿ ಹೋಗಿದ್ದ.

"ಯಾರು ಕಲೀಲಿಕತ್ಯಾರ್ರಿ? ಮಗಾ?"

"ನಾನೇ."

ಜಹೀರೋದ್ದೀನ ಅವಳ ಮುಖ ನೋಡಿ, ನಗಬೇಕೆಂದಿದ್ದವನು ನಗಲಿಲ್ಲ. "ಹಂಗಾದ್ರ ಆ ದೊಡ್ಡದು ಬ್ಯಾಡ್ರಿ. ಪೈಲ್ವಾನ ಅದ ಅದು, ಹೊಸಬರ ಚಾಕು ನುಂಗಿಬಿಡ್ತದ. ಈ ಸಣ್ಣದು ಕೂಸಿನ ಆಟಗಿ. ಕುಡಗೋಲಿಗಿ ಹಚ್ಚಿದ್ರ ಅಳ್ತದ. ನಡುವಿಂದು ನೋಡ್ರಿ. ಉಜ್ಜೋ ಪಟ್ಟಿ ಉದ್ದ, ಜೋರು ಸಾವಕಾಶ ಎಲ್ಲಾ ನಿಮ್ಮ ಕೈಯಾಗ. ಕಲಿಯೋರಿಗಿ ಸಾವಕಾಶ ಓಡೋದೇ ಚಲೋ. ಧಾರ ಸುಡಂಗಿಲ್ಲ."

ಅವಳು ಚೀಲದಿಂದ ಒಂದು ಚಾಕು ತೆಗೆದು ಓಡುವ ಪಟ್ಟಿಗೆ ಹಿಡಿದಳು. ಕಿಡಿ ಹಾರಿತು. ಎತ್ತಿದಳು. ಮತ್ತೆ ಒತ್ತಿದಳು, ಮತ್ತೆ ಎತ್ತಿದಳು.

"ಯಾಕ ಎತ್ಲಿಕತ್ತೀರಿ? ಇದು ಹಿಂದ ತಿರಗಂಗಿಲ್ರಿ ಅಕ್ಕಾ. ಒಂದೇ ಸವನ ಮುಂದ ಓಡ್ತದ. ಒತ್ತೇ ಹಿಡೀರಿ."

ಬೇರೆ ರೀತಿ ಹಿಡಿಯುವುದನ್ನು ಅವಳು ನೋಡಿಯೇ ಇರಲಿಲ್ಲ. ಗಾಲಿ ಮುಂದಕ್ಕೆ ತಿರುಗುವಾಗ ಹಣಮಂತ ಅಲಗು ಒತ್ತುತ್ತಿದ್ದ, ಹಿಂದಕ್ಕೆ ತಿರುಗುವಾಗ ಎತ್ತುತ್ತಿದ್ದ. ಮಾತು ಕಡಿಮೆಯ ಮನುಷ್ಯ. ಆಡಿದಷ್ಟನ್ನೂ ಆ ಎತ್ತುವ ಹೊತ್ತಿನಲ್ಲೇ ಆಡಿದ. "ಮಲ್ಲೇಶ್ವರಿಗಿ..." ಎಂದು ಒಮ್ಮೆ ಅಲಗು ಒತ್ತಿದ. "ಡಾಬಕಾ ಊರಾಗ..." ಎಂದು ಇನ್ನೊಮ್ಮೆ. "ಹುಡುಗನ್ನ ನೋಡೀನಿ." ಮಗಳ ಮದುವೆ ಹಾಗೆ ಪಟ್ಟಿಯ ಎಳೆತದ ನಡುವೆ ನಿಶ್ಚಯವಾಗಿಹೋಯಿತು. ಎಳೆಯುವವಳಿಗೆ ಉಸಿರು ಎಲ್ಲಿಯದು? ಅವಳು "ಹೂಂ" ಅನ್ನುತ್ತಿದ್ದಳು. ಬೇಡ ಅನ್ನಬೇಕಾದಾಗಲೂ ಅಷ್ಟೇ.

"ನಡುನಡುವ ನಿಂದರೋದು ಯಾವುದೂ ಇಲ್ಲೇನ್ರಿ?" ಎಂದು ಕೇಳಿದಳು.

"ಎಲ್ಲಾರೂ ನಿಲ್ಲದಂಥಾದ್ದು ಕೇಳ್ತಾರ, ನೀವು ನಿಲ್ಲೋದು ಕೇಳ್ತೀರಿ." ಜಹೀರೋದ್ದೀನ ಮಷಿನ್ ಬಂದ್ ಮಾಡಿ, ಮೇಜಿನ ಕೆಳಗಿನಿಂದ ಕಾಲಿನಿಂದ ಒತ್ತುವ ಒಂದು ಸ್ವಿಚ್ ಎಳೆದು ತಂದ. "ಇದನ್ನ ಜೋಡಿಸಿ ಕೊಡ್ತೇನಿ. ಒತ್ತಿದ್ರ ಓಡ್ತದ, ಕಾಲು ತೆಗೆದ್ರ ನಿಲ್ತದ. ಹೊಸಬರಿಗಿ ಜೀವಕ್ಕೂ ಚಲೋ. ಮನ್ಯಾಗ ಒಂದ್ ಮಾತ ಕೇಳ್ತೀರೇನು?"

"ಮನ್ಯಾಗ ನಾನೇ ಅದೀನ್ರಿ. ಕಟ್ರಿ."

ಮರುದಿನ ಕುಲುಮೆಯಲ್ಲಿ, ಸಾಣೆಗಾಲಿ ಇದ್ದ ಜಾಗದಲ್ಲೇ ಮಷಿನ್ ನಿಂತಿತು. ಈ ಸಲ ಜನಾಬಾಯಿ ಕಡೆ ತಪ್ಪಲಿಲ್ಲ. ಕಾಲು ಒತ್ತಿದಳು, ಅಲಗು ಹಿಡಿದಳು. ಮೊದಲ ಚಾಕು ಒಂದು ಕಡೆ ಸವೆದುಹೋಯಿತು. ಎರಡನೆಯದು ನಿಧಾನವಾಗಿ ಹೊಳೆಯತೊಡಗಿತು. ಸೆರಗಿನಂಚಿನ ಒಂದು ಎಳೆ ಎಳೆದು ಅದರ ಮೇಲೆ ಇಟ್ಟಳು. ಒತ್ತುವ ಮೊದಲೇ ಎಳೆ ಎರಡಾಯಿತು. ಬಡಿಗಲ್ಲು ಇನ್ನು ಎಲ್ಲಿಗೂ ಹೋಗುವುದಿಲ್ಲ.

ಮತ್ತೊಂದು ಚಾಕು ತೆಗೆದುಕೊಂಡಳು. ಸ್ವಲ್ಪ ಉಜ್ಜಿ ಕಾಲು ತೆಗೆದಳು. ಪಟ್ಟಿಯ ಸದ್ದು ಇಳಿಯುತ್ತ ಬಂದು ನಿಂತಿತು. ಅವಳ ಎದೆಯಲ್ಲಿ ಉಸಿರು ಹಾಗೇ ಇತ್ತು, ಒಂದಿಷ್ಟೂ ಖರ್ಚಾಗಿರಲಿಲ್ಲ.

"ಡಾಬಕಾ..." ಎಂದಳು. ಕಾಲು ಒತ್ತಿದಳು. ಕಿಡಿಗಳು ಹಾರಿ ಆರಿದವು. ಕಾಲು ತೆಗೆದಳು.

"ಭಾಳ ದೂರ ಆಗ್ತದ್ರಿ. ಬ್ಯಾಡ."

ಎದುರಿನ ಗೋಡೆಯಲ್ಲಿ ಮೊಳೆಗೆ ತೂಗುಬಿಟ್ಟ ತೊಗಲಿನ ಪಟ್ಟಿ ಅಲುಗಲಿಲ್ಲ. ಅವಳು ಕಾದಳು. ಆಮೇಲೆ ಗಂಡನ ಬದಲು ತಾನೇ "ಹೂಂ" ಎಂದು, ಕಾಲು ಒತ್ತಿದಳು.