ಸೊಟ್ಟ ಕೋರೆಹಲ್ಲು

"ಎರಡು ವಾರದಿಂದ ನಮ್ಮ ನಕ್ಷತ್ರರಾಣಿ ಒಂದು ಸಲವಾದರೂ ಬಾಯಿಬಿಟ್ಟು ನಕ್ಕಿದ್ದಾಳಾ? ಜಂಬ ಕಣಕ್ಕಾ, ಜಂಬ!" ಅಂದ ಹಲ್ಲಿಗೆ ಹೊಳಪು ಕೊಡುವವನು. ಕಟ್ಟುಹಲ್ಲು ಮಾಡುವ ಆ ಕೋಣೆಯಲ್ಲಿ ಕೈಗೆ ಕೆಲಸವಾದರೆ ಬಾಯಿಗೆ ಟೀವಿ ಧಾರಾವಾಹಿಯ ರಾಣಿ.

"ಜಂಬವಲ್ಲವೋ, ಬಿಂಕ," ಅಂದಳು ಅಕ್ಕ, ಡಾಕ್ಟರು ಕಳಿಸಿದ, ಯಾರದೋ ಬಾಯಿಯ ಅಚ್ಚಿನಿಂದ ಪ್ಲಾಸ್ಟರ್ ದವಡೆ ಬಿಡಿಸುತ್ತಾ. "ಮಾಟಗಾರರ ದಂಡನ್ನು ಅವಳು ಗೆದ್ದದ್ದು ಕತ್ತಿಯಿಂದ ಅಂದ್ಕೊಂಡ್ಯಾ? ಎಡಗಡೆಯ ಆ ಸೊಟ್ಟ ಕೋರೆಹಲ್ಲು, ಅದರ ತುದಿಯಲ್ಲಿ ನುಚ್ಚಿನಷ್ಟು ಮುಕ್ಕು! ನಾನು ಸೋತಿದ್ದೇ ಅದಕ್ಕೆ. ಸಾವಿರ ಬಾಯಿ ಮುಂದಿಟ್ಟರೂ ಗುರುತು ಹಿಡೀತೀನಿ."

"ಹಿಡಿದೆ ಬಿಡು! ರಾಣಿ ನಿನ್ನ ಹತ್ರ ಹಲ್ಲು ಕಟ್ಟಿಸ್ಕೊಳ್ಳೋಕೆ ಬರ್ತಾಳೆ!"

ದವಡೆ ಬಿಟ್ಟುಕೊಂಡು ಅಂಗೈಗೆ ಬಂತು. ಅಕ್ಕನ ಹೆಬ್ಬೆರಳು ಎಡಗಡೆಯ ಕೋರೆಹಲ್ಲಿನ ಮೇಲೆ ನಿಂತುಬಿಟ್ಟಿತು. ಹಲ್ಲು ಸೊಟ್ಟಗಿತ್ತು, ತುದಿಯಲ್ಲಿ ನುಚ್ಚಿನಷ್ಟು ಮುಕ್ಕು. ಅದರ ಪಕ್ಕದ ಮೂರು ಮುಂಬಲ್ಲುಗಳು ಬುಡಕ್ಕೇ ಮುರಿದಿದ್ದವು. ಅಚ್ಚಿನ ಜೊತೆ ಬಂದಿದ್ದ ಚೀಟಿ ತಿರುಗಿಸಿ ನೋಡಿದಳು. ಹೆಸರಿರಲಿಲ್ಲ, ಡಾಕ್ಟರು ಒಂದೇ ಸಾಲು ಬರೆದಿದ್ದರು: "ಹೊಡೆತಕ್ಕೆ ಮುರಿದದ್ದು, ಇದು ಎರಡನೇ ಸಲ. ಗುಟ್ಟಾಗಿರಲಿ."

"ಏನಕ್ಕಾ, ಯಾರ ಬಾಯಿ ಅದು?"

ಅಕ್ಕ ಎರಡೂ ಅಂಗೈಯಲ್ಲಿ ಆ ದವಡೆಯನ್ನು ಮುಚ್ಚಿಕೊಂಡಳು.

"ಗುರುತು ಸಿಗಲಿಲ್ಲ ಕಣೋ," ಅಂದಳು.